ಅಜ್ಜನ ರುಮಾಲಿಗೆ ಹೆಸರು ಹುಡುಕುತ್ತಾ

ಕಂಪ್ಯೂಟರಿಗೆ ಚಿತ್ರ ಗುರುತಿಸೋದನ್ನ ಕಲಿಸಲು ಹೊರಟ ಯಾವ ಇಂಜಿನಿಯರಾದರೂ ಶುರುವಿನಲ್ಲೇ ಫ್ಯಾಷನ್-ಎಂನಿಸ್ಟ್ ಅನ್ನೋ ಸಂಗ್ರಹವನ್ನು ಮುಟ್ಟಿರುತ್ತಾರೆ. 2017ರಲ್ಲಿ ಝಲಾಂಡೋ ಅನ್ನೋ ಜರ್ಮನಿಯ ಬಟ್ಟೆ ಮಾರುವ ಕಂಪನಿ ಇದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. 70,000 ಪುಟ್ಟ ಪುಟ್ಟ ಕಪ್ಪು-ಬಿಳುಪು ಚಿತ್ರ, ಹತ್ತೇ ಹತ್ತು ಹೆಸರು: ಟೀ ಶರ್ಟು, ಪ್ಯಾಂಟು, ಪುಲ್‌ಓವರ್, ಫ್ರಾಕು, ಕೋಟು, ಸ್ಯಾಂಡಲ್ಲು, ಶರ್ಟು, ಸ್ನೀಕರ್ಸು, ಬ್ಯಾಗು, ಬೂಟು. ನಮ್ಮಜ್ಜನ ಮೈಮೇಲಿದ್ದ ಒಂದು ಬಟ್ಟೆಯೂ ಇದರಲ್ಲಿ ಇಲ್ಲ.

ಇನ್ನೂ ದೊಡ್ಡದು ಇಮೇಜ್‌ನೆಟ್. ಚಿತ್ರ ಗುರುತಿಸುವ ತಂತ್ರಜ್ಞಾನ ಸುಮಾರು ಹತ್ತು ವರ್ಷ ಇದರ ಮೇಲೇ ಬೆಳೀತು. ಇದರ ಸ್ಪರ್ಧೆಗೆ ಬಳಸಿದ 1000 ಹೆಸರುಗಳಲ್ಲಿ ನಾಯಿ ತಳಿಗಳೇ ನೂರಕ್ಕೂ ಹೆಚ್ಚು. ಜಪಾನಿನ ಕಿಮೋನೋ ಇದೆ, ಅರಬ್ಬರ ಅಬಾಯಾ ಇದೆ, ಆಗ್ನೇಯ ಏಷ್ಯಾದ ಸರೋಂಗ್ ಇದೆ, ದಕ್ಷಿಣ ಅಮೆರಿಕದ ಪೊಂಚೋ ಇದೆ. ಸೀರೆ ಇಲ್ಲ. 2021ರಲ್ಲಿ ಇಂಡೋಫ್ಯಾಷನ್ ಅಂತ ನಮ್ಮ ದೇಶದ ಉಡುಪಿಗೇ ಅಂತ ಒಂದು ಸಂಗ್ರಹ ಬಂತು, ಒಂದು ಲಕ್ಷಕ್ಕೂ ಹೆಚ್ಚು ಚಿತ್ರ, 15 ವಿಧ. ಆದರೆ ಚಿತ್ರಗಳೆಲ್ಲ ಆನ್‌ಲೈನ್ ಅಂಗಡಿಗಳದ್ದು. ಅಂಗಡಿಯಲ್ಲಿ ಮಾರಾಟಕ್ಕಿಲ್ಲದ ಬಟ್ಟೆ ಅಲ್ಲಿ ಬರೋದಾದರೂ ಹೇಗೆ?

ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದರೆ, ಎರಡು ವರ್ಷದಿಂದ ನಾನು ಶನಿವಾರ-ಭಾನುವಾರ ಹಳೇ ಫೋಟೋಗಳ ಹಿಂದೆ ಬಿದ್ದಿದೀನಿ. ಗುಬ್ಬಿ ತಾಲ್ಲೂಕಿನ ನಮ್ಮೂರು, ಅಮ್ಮನ ಕಡೆಯವರಿರುವ ಕುಣಿಗಲ್, ತುಮಕೂರು ಚಿಕ್ಕಪೇಟೆಯ ಕೆಲವು ಹಳೇ ಮನೆ, ಎಲ್ಲ ಸೇರಿ ಮುನ್ನೂರು ಚಿಲ್ಲರೆ ಫೋಟೋ ಸ್ಕ್ಯಾನ್ ಮಾಡಿದೀನಿ. ಪ್ರತಿ ಫೋಟೋದಲ್ಲಿ ಯಾರು ಏನು ತೊಟ್ಟಿದ್ದಾರೆ ಅಂತ ಪಟ್ಟಿ ಮಾಡೋದು ಕೆಲಸ. ಬಟ್ಟೆಯಿಂದ ಕಾಲ ತಿಳಿಯುತ್ತೆ, ಮನೆಯ ಸ್ಥಿತಿ ತಿಳಿಯುತ್ತೆ, ಸಮಾರಂಭ ಯಾವುದು ಅನ್ನೋದೂ ತಿಳಿಯುತ್ತೆ. ಮುನ್ನೂರು ಫೋಟೋಗೆ ಕೂತು ಬರೆಯೋಕೆ ಟೈಮೆಲ್ಲಿ? ಎಐ ಸಹಾಯಕನಿಗೆ ಒಪ್ಪಿಸಿದೆ.

ಈಗಿನ ಎಐಗಳು ಹತ್ತು ಹೆಸರಿನ ಕಾಲ ದಾಟಿ ಬಂದಿವೆ, ಒಪ್ಪಬೇಕು. ಸೀರೆಗೆ ಸೀರೆ ಅಂತಲೇ ಹೇಳುತ್ತೆ, ಕನ್ನಡದಲ್ಲೇ ವಿವರಣೆನೂ ಕೊಡುತ್ತೆ. ಆದರೆ ಕಚ್ಚೆಪಂಚೆ, ಅಡ್ಡಪಂಚೆ ಎರಡೂ ಅದಕ್ಕೆ ‘ಧೋತಿ’. ಕೆಲವು ಸಲ ಅಡ್ಡಪಂಚೆ ‘ಸರೋಂಗ್’ ಆಗುತ್ತೆ. ಮೈಸೂರು ಪೇಟ, ಉದ್ದದ ರುಮಾಲು, ಹೊಲದಲ್ಲಿ ತಲೆಗೆ ಸುತ್ತಿದ ಟವಲ್ಲು ಮೂರೂ ‘ಟರ್ಬನ್’. ಪೇಟ ಇಟ್ಟವನು ಗೌರವಕ್ಕೋ ಮದುವೆಗೋ ನಿಂತವನು. ರುಮಾಲು ಸುತ್ತಿದವನು ಊರಿನ ಯಜಮಾನನೋ ಪಟೇಲನೋ ಆಗಿರಬಹುದು. ಟವಲ್ಲು ಸುತ್ತಿದವನು ಕೆಲಸದ ಮಧ್ಯೆ ಎದ್ದು ಬಂದವನು. ಮೂರನ್ನೂ ಒಂದೇ ಹೆಸರಲ್ಲಿ ಕರೆದರೆ ಫೋಟೋದ ಅರ್ಧ ಕಥೆ ಅಲ್ಲೇ ಮುಗೀತು.

ನಮ್ಮ ಬಟ್ಟೆಯನ್ನು ಹೊರಗಿನವರು ಪಟ್ಟಿ ಮಾಡಿದ್ದು ಇದೇ ಮೊದಲಲ್ಲ. 1800ರಲ್ಲಿ, ಟಿಪ್ಪು ಸತ್ತ ಮರುವರ್ಷ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿದ. ಅವನ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಗುಬ್ಬಿಯ ಸಂತೆ ಆಗ ದೊಡ್ಡ ವ್ಯಾಪಾರದ ಜಾಗ. ಅಡಿಕೆ, ತೆಂಗು, ಬೆಲ್ಲದ ಜೊತೆಗೆ ಬಿಳಿ ಮತ್ತು ಬಣ್ಣದ ಒರಟು ಹತ್ತಿ ಬಟ್ಟೆ, ಕಂಬಳಿ, ಗೋಣಿ ಬಟ್ಟೆ ಅಲ್ಲಿ ಮಾರಾಟ ಆಗುತ್ತಿದ್ದವು. ಅಂದರೆ ಗುಬ್ಬಿಯವರ ಮೈಮೇಲಿನ ಬಟ್ಟೆ ಹೆಚ್ಚುಕಮ್ಮಿ ಸುತ್ತಮುತ್ತಲ ಮಗ್ಗದಿಂದಲೇ ಬರುತ್ತಿತ್ತು.

1866ರಲ್ಲಿ ಲಂಡನ್ನಿನ ಇಂಡಿಯಾ ಮ್ಯೂಸಿಯಂನ ಜಾನ್ ಫೋರ್ಬ್ಸ್ ವಾಟ್ಸನ್ ಇನ್ನೊಂದು ಪಟ್ಟಿ ತಂದ. ಭಾರತದ ಬಟ್ಟೆಗಳ 700 ತುಂಡುಗಳನ್ನು ಕತ್ತರಿಸಿ, ಅಂಟಿಸಿ, 18 ಸಂಪುಟ ಮಾಡಿದ. ಇಂಥ 20 ಸೆಟ್ಟು ತಯಾರಾದವು. 13 ಬ್ರಿಟನ್ನಿನಲ್ಲಿ ಉಳಿದವು, 7 ಭಾರತಕ್ಕೆ ಬಂದವು. ಉದ್ದೇಶ ಶುದ್ಧ ವ್ಯಾಪಾರ. ಭಾರತದ ಜನ ಏನು ಉಡ್ತಾರೆ ಅಂತ ನೋಡಿ ಅಲ್ಲಿನ ಮಿಲ್ಲುಗಳು ಅದನ್ನೇ ನೇಯ್ದು ನಮಗೇ ಮಾರಬೇಕು. ಆದರೂ ಒಂದು ಮೆಚ್ಚಬೇಕು. ಮಗ್ಗದಿಂದ ಇಳಿದ ಹಾಗೇ ಸುತ್ತಿಕೊಳ್ಳುವ ರುಮಾಲು, ಸೀರೆ, ಪಂಚೆಗಳೇ ಬೇರೆ, ಕತ್ತರಿಸಿ ಹೊಲಿಯುವ ಬಟ್ಟೆಯೇ ಬೇರೆ ಅಂತ ಅವನು ವಿಂಗಡಿಸಿದ. ತುಂಡುಗಳ ಜೊತೆ ಉದ್ದ, ಅಗಲ, ತೂಕ, ಬೆಲೆ, ಸಿಕ್ಕಿದ ಊರು ಬರೆಸಿದ. ನಮಗೆ ಬಟ್ಟೆ ಮಾರಲು ಹೊರಟವನು ಕೇಳಿದ ಇಷ್ಟು ಪ್ರಶ್ನೆಯನ್ನೂ ಇವತ್ತಿನ ಯಂತ್ರ ಕೇಳಲ್ಲ. ಅದಕ್ಕೆ ಒಂದು ಹೆಸರು ಸಿಕ್ಕರೆ ಸಾಕು, ಸುಮ್ಮನಾಗುತ್ತೆ.

ಹೆಸರು ತಪ್ಪಿದರೆ ಏನು ಕಳೆದುಹೋಗುತ್ತೆ ಅಂತ ಕೆಲವು ಫೋಟೋ ಮೂಲಕವೇ ಹೇಳ್ತೀನಿ.

ಒಂದು, ನಮ್ಮ ಮುತ್ತಜ್ಜಿಯ ಮದುವೆಯಾದ ಹೊಸದರಲ್ಲಿ ತೆಗೆಸಿದ್ದು, 1930ರ ಆಸುಪಾಸಿನದು. ಎಐ ಬರೆದದ್ದು ‘ಕಪ್ಪು ಸೀರೆ’. ಅಜ್ಜಿಗೆ ಓದಿ ಹೇಳಿದೆ. “ಥೂ, ಕಪ್ಪಲ್ಲ ಕಣ್ಲಾ. ಧಾರೆ ಸೀರೆ ಯಾರಾದ್ರೂ ಕಪ್ಪು ತರ್ತಾರಾ? ರಕ್ತಗೆಂಪು ಇತ್ತು. ಹರಿದ್ಮೇಲೆ ಅದನ್ನೇ ನಿಮ್ಮಪ್ಪನ ತೊಟ್ಟಿಲಿಗೆ ಕಟ್ಟಿದ್ದೆ” ಅಂದರು. ಅಜ್ಜಿ ಹೇಳಿದ್ದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಹಳೇ ಕಾಲದ ಫೋಟೋ ಪ್ಲೇಟುಗಳಿಗೆ ನೀಲಿ ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ಹಾಗಾಗಿ ಕೆಂಪು ಸೀರೆ, ಹಣೆಯ ಕುಂಕುಮ ಎರಡೂ ಕಪ್ಪಾಗಿ ಬರುತ್ತಿದ್ದವು, ತಿಳಿನೀಲಿ ಬಟ್ಟೆ ಬಿಳಿಯಾಗಿ ಬರುತ್ತಿತ್ತು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಫಿಲ್ಮು ನಿಧಾನವಾಗಿ ಹರಡಿದ್ದು 1920ರ ದಶಕದ ನಂತರ. ಯಂತ್ರಕ್ಕೆ ಕೇಳಿದರೆ ಇದನ್ನೆಲ್ಲ ಪಾಠ ಒಪ್ಪಿಸೋ ಹಾಗೆ ಹೇಳುತ್ತೆ. ಫೋಟೋ ಮುಂದಿಟ್ಟಾಗ ಮಾತ್ರ ನೆನಪಿಗೆ ಬರಲ್ಲ!

ಎರಡು, ಕುಣಿಗಲ್ಲಿನದು. ಆರು ಮಕ್ಕಳು ಸಾಲಾಗಿ ನಿಂತಿವೆ, ಎಲ್ಲರಿಗೂ ಒಂದೇ ಗೀರಿನ ಬಟ್ಟೆ. ಎಐ ಪ್ರಕಾರ ‘ಶಾಲಾ ಸಮವಸ್ತ್ರ’. ಆ ಸಾಲಿನಲ್ಲಿ ತುದಿಗೆ ನಿಂತಿರೋಳೇ ನಮ್ಮ ಚಿಕ್ಕಜ್ಜಿ. “ಇಸ್ಕೂಲೂ ಇಲ್ಲ, ಮಠಾನೂ ಇಲ್ಲ ಕಣಪ್ಪ. ಕಂಟ್ರೋಲ್ ಕಾಲ. ಅಪ್ಪ ಒಂದು ತಾನು ತಂದಿದ್ರು. ಅದ್ರಲ್ಲೇ ಹುಡುಗ್ರಿಗೆ ಅಂಗಿ, ನಮಗೆ ಲಂಗ, ಮಿಕ್ಕಿದ್ದು ದಿಂಬಿಗೆ” ಅಂದರು. ಎರಡನೇ ಮಹಾಯುದ್ಧದಲ್ಲಿ ಬಟ್ಟೆಗೆ ಬರ ಬಂದು, 1943ರಲ್ಲಿ ಬ್ರಿಟಿಷ್ ಸರ್ಕಾರ ಹತ್ತಿ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ಆಜ್ಞೆ ಹೊರಡಿಸಿತ್ತು. ಇತಿಹಾಸದ ಪುಸ್ತಕದಲ್ಲಿ ಒಂದು ಸಾಲಾಗಿರುವ ಆ ಆಜ್ಞೆ ನಮ್ಮ ಮನೆಯಲ್ಲಿ ಆರು ಮಕ್ಕಳ ಮೈಮೇಲಿದೆ. ‘ಸಮವಸ್ತ್ರ’ ಅಂತ ಬರೆದುಬಿಟ್ಟರೆ ಯುದ್ಧವೂ ಹೋಯಿತು, ಬರವೂ ಹೋಯಿತು.

ಮೂರು, ಗುಬ್ಬಿಯ ಕಡೆಯದು. ಮಖಮಲ್ಲಿನ ಅಂಗಿ, ಜರಿ, ಕಿರೀಟ, ಭುಜಕೀರ್ತಿ. ಎಐ ಅದನ್ನು ‘ರಾಜಮನೆತನದ ವ್ಯಕ್ತಿ’ ಅಂತು. ಅದು ನಮ್ಮ ದೊಡ್ಡಪ್ಪ, ದುರ್ಯೋಧನನ ಪಾತ್ರದಲ್ಲಿ. ಗುಬ್ಬಿ ಅಂದರೆ 1884ರಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಕಂಪನಿಯ ಊರು. ಗುಬ್ಬಿ ವೀರಣ್ಣನವರು ಕುರುಕ್ಷೇತ್ರಕ್ಕೆ ರಂಗದ ಮೇಲೆ ನಿಜವಾದ ಆನೆಯನ್ನೇ ತಂದವರು. ಆ ವೈಭವದ ಪ್ರಭಾವ ನಮ್ಮ ಹಳ್ಳಿ ನಾಟಕಗಳಲ್ಲಿ ಇವತ್ತಿಗೂ ಇದೆ. ಡ್ರೆಸ್ಸು ಮಾತ್ರ ಬಾಡಿಗೆಯದು. ನಾಟಕದ ಹಳೇ ಫೋಟೋಗಳಲ್ಲಿ ಇನ್ನೊಂದು ತೊಡಕು. ಹಿಂದೆ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಸೀರೆ ಉಟ್ಟವರನ್ನೆಲ್ಲ ‘ಮಹಿಳೆ’ ಅಂತ ಬರೆಯುವ ಯಂತ್ರಕ್ಕೆ ಇದು ಹೊಳೆಯಲ್ಲ.

ನಾಲ್ಕನೆಯದು ನನಗೆ ನಿಜಕ್ಕೂ ಬೇಜಾರು ಮಾಡಿದ್ದು. ರವಿಕೆ ಇಲ್ಲದೆ ಸೀರೆ ಉಟ್ಟ ಒಬ್ಬ ಮುದುಕಿ, ಪಕ್ಕದಲ್ಲಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಮೇಲೆ ಹಾಕಿಕೊಂಡ ಗಂಡ. ಎಐ ಆಕೆಯನ್ನು ‘ಬುಡಕಟ್ಟು ಮಹಿಳೆ’ ಅಂತು, ಕಂಬಳಿಯನ್ನು ‘ಪೊಂಚೋ ರೀತಿಯ ಹೊದಿಕೆ’ ಅಂತು. ಆ ತಲೆಮಾರಿನ ಎಷ್ಟೋ ಹೆಂಗಸರು ನಮ್ಮ ಹಳ್ಳಿಗಳಲ್ಲಿ ರವಿಕೆ ತೊಡುತ್ತಲೇ ಇರಲಿಲ್ಲ. ಕಂಬಳಿಯೋ, ಶಿರಾ, ಚಿಕ್ಕನಾಯಕನಹಳ್ಳಿ ಕಡೆ ಕುರಿ ಉಣ್ಣೆಯಲ್ಲಿ ನೇಯ್ದದ್ದು. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಶುಭಕಾರ್ಯದಲ್ಲಿ ಅದೇ ಗದ್ದಿಗೆ. ಬಟ್ಟೆ ನೋಡಿ ಜಾತಿ-ಬುಡಕಟ್ಟು ಹೇಳು ಅಂತ ಯಾರೂ ಕೇಳಿರಲಿಲ್ಲ. ತಾನಾಗೇ ಹೇಳಿತು. ನಾಳೆ ಆ ಮುದುಕಿಯ ಮರಿಮಗಳು ಈ ಪಟ್ಟಿ ನೋಡಿದರೆ ಏನಂದುಕೊಳ್ಳಬೇಕು?

ಯಂತ್ರ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಚಿಕ್ಕಪೇಟೆಯ ಮೂರು ಬೇರೆ ಬೇರೆ ಮನೆಯ ಫೋಟೋದಲ್ಲಿ ಮೂರು ಬೇರೆ ಗಂಡಸರು ಒಂದೇ ಕೋಟು ಹಾಕಿದ್ದಾರೆ ಅಂತ ಪತ್ತೆ ಮಾಡಿದ್ದು ಅದೇ. ಒಂದೇ ಜೇಬಿನ ಹೊಲಿಗೆ, ಒಂದೇ ಬಿದ್ದುಹೋದ ಗುಂಡಿ. ಕೋಟು ಸ್ಟುಡಿಯೋದವನದ್ದು, ಬಂದವರಿಗೆಲ್ಲ ಅದನ್ನೇ ತೊಡಿಸಿ ನಿಲ್ಲಿಸುತ್ತಿದ್ದ. ಮುನ್ನೂರು ಫೋಟೋ ನಡುವೆ ಇದು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ನೆಗೆಟಿವ್ ತಿರುಗುಮುರುಗಾಗಿ ಪ್ರಿಂಟಾದ ಫೋಟೋಗಳನ್ನೂ ಹೀಗೇ ಹಿಡಿಯಬಹುದು. ಗಂಡಸರ ಅಂಗಿಯಲ್ಲಿ ತೊಟ್ಟವನ ಬಲಗಡೆ ಗುಂಡಿ, ಎಡಗಡೆ ಕಾಜಾ. ಅದು ಅದಲುಬದಲಾಗಿದ್ದರೆ ಪಕ್ಕದಲ್ಲಿರುವ ಹೆಂಗಸಿನ ಸೆರಗು ಯಾವ ಭುಜದ ಮೇಲಿತ್ತು ಅನ್ನೋದನ್ನೂ ತಿರುಗಿಸಿ ಓದಬೇಕು. ಸೆರಗು ಎಡವೋ ಬಲವೋ ಅನ್ನೋದು ನಮ್ಮಲ್ಲಿ ಸಣ್ಣ ವಿಷಯವಲ್ಲ.

ಈಗ ನನ್ನ ಪಟ್ಟಿಯಲ್ಲಿ ಐದು ಅಂಕಣ ಇವೆ. ಮೊದಲನೆಯದು ಕಣ್ಣಿಗೆ ಕಂಡಿದ್ದು: ಸುತ್ತಿದ್ದೋ ಹೊಲಿದದ್ದೋ, ಎಲ್ಲಿಂದ ಎಲ್ಲಿಗೆ, ಅಂಚು, ಗೀರು. ಎರಡನೆಯದು ಮನೆಯವರು ಹೇಳುವ ಹೆಸರು, ಅವರ ಬಾಯಲ್ಲಿ ಬಂದ ಹಾಗೇ, ಊರಿನ ಹೆಸರಿನ ಜೊತೆ. ಮೂರನೆಯದು ಬಟ್ಟೆ ಯಾರದ್ದು: ಸ್ವಂತದ್ದೋ, ಅಣ್ಣನದ್ದೋ, ಬಾಡಿಗೆಯದ್ದೋ, ಸ್ಟುಡಿಯೋದ್ದೋ. ನಾಲ್ಕನೆಯದು ಅಂದಾಜು ಕಾಲ, ಜೊತೆಗೆ ಹಾಗೆ ಅಂದಾಜು ಮಾಡಿದ್ದಕ್ಕೆ ಕಾರಣ. ಕೊನೆಯದು ಎಐ ಹೇಳಿದ್ದು. ಅದು ಅದರ ಅಂಕಣ ಬಿಟ್ಟು ಆಚೆ ಬರುವ ಹಾಗಿಲ್ಲ. ಇನ್ನು ಮನೆಯವರ ಒಪ್ಪಿಗೆ ಇಲ್ಲದೆ ಒಂದು ಫೋಟೋವನ್ನೂ ಎಲ್ಲೂ ಅಪ್‌ಲೋಡ್ ಮಾಡಲ್ಲ.

ಇಷ್ಟು ಹಟ ಯಾಕೆ ಅಂದರೆ, ಇವತ್ತು ನಾವು ಹಾಕುವ ಹೆಸರನ್ನೇ ನಾಳೆಯ ಯಂತ್ರ ಓದಿ ಕಲಿಯುತ್ತೆ. ಇಂಟರ್ನೆಟ್ಟಿನಲ್ಲಿ ಅಡ್ಡಪಂಚೆಯ ಕೆಳಗೆ ‘ಸರೋಂಗ್’ ಅಂತ ನಾವೇ ಬಿಟ್ಟರೆ, ಮುಂದಿನ ಯಂತ್ರ ಅದನ್ನು ಇನ್ನೂ ಗಟ್ಟಿ ದನಿಯಲ್ಲಿ ಹೇಳುತ್ತೆ. ಆಗ ತಿದ್ದೋಕೆ ಅಜ್ಜಿಯರು ಇರಲ್ಲ. ನನಗೆ ಬಟ್ಟೆಗಳ ಹೆಸರು ಹೇಳಿಕೊಟ್ಟ ಏಳು ಹಿರಿಯರಲ್ಲಿ ಇಬ್ಬರು ಈ ಎರಡು ವರ್ಷದಲ್ಲೇ ತೀರಿಕೊಂಡರು.

ನಿಮ್ಮ ಮನೆಯಲ್ಲೂ ಒಂದು ಹಳೇ ಟ್ರಂಕು ಇರುತ್ತೆ. ಹಬ್ಬಕ್ಕೆ ಊರಿಗೆ ಹೋದಾಗ ತೆಗೀರಿ. ಮೊಬೈಲಿನ ರೆಕಾರ್ಡರ್ ಆನ್ ಮಾಡಿ ಹಿರಿಯರ ಪಕ್ಕ ಕೂತು, ಇದು ಯಾರು ಅನ್ನೋದರ ಜೊತೆ ಇದೇನು ಉಟ್ಟಿದ್ದಾರೆ, ಎಲ್ಲಿಂದ ತಂದಿದ್ದು ಅಂತಲೂ ಕೇಳಿ. ಫೋಟೋ ಹಿಂದೆ ಬರೆಯೋದಾದರೆ ಪೆನ್ನು ಬೇಡ, ಶಾಯಿ ಮುಂದಕ್ಕೆ ಇಳಿಯುತ್ತೆ. ಮೆತ್ತನೆ ಪೆನ್ಸಿಲಿನಲ್ಲಿ, ಒತ್ತದೆ ಬರೀರಿ. ನನ್ನ ಪಟ್ಟಿಯಲ್ಲಿ ಇನ್ನೂ ಅರವತ್ತು ಫೋಟೋಗಳ ಎರಡನೇ ಅಂಕಣ ಖಾಲಿ ಇದೆ. ಮುಂದಿನ ಶನಿವಾರ ಮತ್ತೆ ಕುಣಿಗಲ್ಲಿಗೆ ಹೋಗ್ತಿದೀನಿ.