ಘಟ್ಟದ ತಿರುವುಗಳನ್ನು ಅಳೆದದ್ದು ಎತ್ತಿನ ಉಸಿರು

ಶನಿವಾರ, ಭಾನುವಾರ ಬೆಳಕು ಹರಿಯುವ ಮೊದಲೇ ನಮ್ಮ ಘಟ್ಟದ ದಾರಿಗಳಲ್ಲಿ ಈಗ ಒಂದು ಹೊಸ ಸದ್ದು ಕೇಳುತ್ತದೆ. ನೆಲಕ್ಕೆ ಅಂಟಿಕೊಂಡಂತಿರುವ ಸ್ಪೋರ್ಟ್ಸ್ ಕಾರುಗಳು ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಕಡೆಯಿಂದ ಎರಡೋ ನಾಲ್ಕೋ ಒಟ್ಟಾಗಿ ಬರುತ್ತವೆ. ಇವರಿಗೆ ಯಾವ ಊರನ್ನೂ ಬೇಗ ಸೇರಬೇಕಾಗಿಲ್ಲ. ಇವರು ಹುಡುಕಿಕೊಂಡು ಬಂದಿರುವುದೇ ತಿರುವುಗಳನ್ನು. ನಾವು ವಾಂತಿ ಬರಬಾರದೆಂದು ಬಾಯಲ್ಲಿ ನಿಂಬೆಹುಳಿ ಪೆಪ್ಪರಮಿಂಟು ಇಟ್ಟುಕೊಂಡು ಬಸ್ಸಿನಲ್ಲಿ ದಾಟುವ ದಾರಿ ಅವರಿಗೆ ವಾರವೆಲ್ಲ ಕಾದು ಬರುವ ಸುಖ.

ಇದರಲ್ಲಿ ತಪ್ಪು ಹುಡುಕಲು ನಾವು ಹೊರಟಿಲ್ಲ. ಒಳ್ಳೆಯ ತಿರುವಿನಲ್ಲಿ ಗಾಡಿ ಓಡಿಸುವ ಖುಷಿ ಬೈಕ್ ಇರುವ ನಮ್ಮ ಹುಡುಗರಿಗೂ ಗೊತ್ತು. ನಮ್ಮ ಪ್ರಶ್ನೆ ಬೇರೆ. ಇಷ್ಟು ಚೆಂದದ ತಿರುವುಗಳನ್ನು ಇಲ್ಲಿ ಮಾಡಿದವರು ಯಾರು? ಯಾವುದಕ್ಕಾಗಿ ಮಾಡಿದರು? ಉತ್ತರ ಹುಡುಕುತ್ತ ಹೋದರೆ ಹತ್ತಿ, ಕಾಫಿ, ಯುದ್ಧ ಎಲ್ಲವೂ ಸಿಗುತ್ತವೆ. ಮೋಜು ಮಾತ್ರ ಎಲ್ಲೂ ಸಿಗುವುದಿಲ್ಲ.

ದಾರಿ ಕೆಟ್ಟದಾಗಿದ್ದರೆ ರಾಜನಿಗೆ ಒಳ್ಳೆಯದು

ಗಾಡಿ ರಸ್ತೆ ಬರುವ ಮೊದಲು ಘಟ್ಟದಲ್ಲಿ ಇದ್ದದ್ದು ಹೇರಿನ ಎತ್ತುಗಳ ದಾರಿ. ಬೆನ್ನ ಮೇಲೆ ಎರಡೂ ಕಡೆ ಚೀಲ ಹೇರಿಕೊಂಡ ಎತ್ತುಗಳು ಸಾಲಾಗಿ ನಡೆಯುತ್ತಿದ್ದವು. ಕರಾವಳಿಯಿಂದ ಉಪ್ಪು, ತೆಂಗಿನಕಾಯಿ ಮೇಲೆ ಹೋಗುತ್ತಿದ್ದವು. ಮೇಲಿನಿಂದ ಮೆಣಸು, ಅಡಿಕೆ ಕೆಳಗೆ ಬರುತ್ತಿದ್ದವು. ಈ ಸಾಗಣೆಯಲ್ಲಿ ಲಂಬಾಣಿಗರದು ದೊಡ್ಡ ಪಾಲು. ಹೇರಿನ ಎತ್ತಿಗೆ ಅಗಲ ರಸ್ತೆ ಬೇಡ. ಕಡಿದಾದ ಕಲ್ಲು ಮೆಟ್ಟಿಲನ್ನೂ ಅದು ನಿಧಾನಕ್ಕೆ ಹತ್ತುತ್ತದೆ.

ಆಳುವವರಿಗೂ ಇದೇ ಬೇಕಿತ್ತು. ಘಟ್ಟ ಎಂದರೆ ರಾಜ್ಯದ ಬಾಗಿಲು. ಬಾಗಿಲು ಇಕ್ಕಟ್ಟಾಗಿದ್ದಷ್ಟೂ ಕಾವಲು ಸುಲಭ. ಕುಂದಾಪುರ ಕಡೆಯ ಹೊಸಂಗಡಿಯಿಂದ ಹುಲಿಕಲ್ ಮೂಲಕ ನಗರಕ್ಕೆ ಹತ್ತುವ ಘಾಟಿಯನ್ನು ನೋಡಿ. ನಗರ ಆಗ ಬಿದನೂರು, ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರಾಲಿ ಅದನ್ನು ಗೆದ್ದ. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಸಮುದ್ರದ ಕಡೆಯಿಂದ ಬಂದು, ಹೊಸಂಗಡಿ ಘಾಟಿಯಲ್ಲಿ ಅಡ್ಡ ಕಟ್ಟಿದ್ದ ಕಾವಲುಗಳನ್ನು ಮುರಿದು ಮೇಲೆ ಹತ್ತಿದ. ಘಾಟಿ ಬಿದ್ದ ಮೇಲೆ ಬಿದನೂರು ಅವನ ಕೈಗೆ ಬಂತು. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮತ್ತೆ ಕಿತ್ತುಕೊಂಡ. ಇವತ್ತು ಬಾಳೆಬರೆ ಘಾಟಿ ಎಂದು ಕರೆಯುವ ಈ ಕಾಡು ದಾರಿಯಲ್ಲಿ ಹೋಗುವ ಕಾರಿನವರಿಗೆ ಒಂದು ರಾಜ್ಯದ ಹಣೆಬರಹ ಇಲ್ಲಿ ತೀರ್ಮಾನವಾಗಿತ್ತು ಎಂಬುದರ ಗುರುತೇ ಕಾಣುವುದಿಲ್ಲ.

ಹತ್ತಿ ಇಳಿಸಲು ಬಂದ ರಸ್ತೆ

19ನೇ ಶತಮಾನದಲ್ಲಿ ಲೆಕ್ಕಾಚಾರ ತಿರುಗಿತು. ಘಟ್ಟದ ಮೇಲೂ ಕೆಳಗೂ ಇಂಗ್ಲಿಷರದೇ ಆಡಳಿತ ಬಂದ ಮೇಲೆ ಬಾಗಿಲು ಕಾಯುವ ಅಗತ್ಯ ಉಳಿಯಲಿಲ್ಲ. ಬಾಗಿಲನ್ನು ಅಗಲ ಮಾಡಿ ಸರಕು ಹೊರಗೆ ಸಾಗಿಸುವುದು ಮುಖ್ಯವಾಯಿತು.

ಧಾರವಾಡ ಸೀಮೆಯಲ್ಲಿ ಹತ್ತಿ ಬೆಳೆಯುತ್ತಿತ್ತು. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ಬೇಕಿತ್ತು. ನಡುವೆ ಘಟ್ಟ ಇತ್ತು. ಘಟ್ಟ ಇಳಿಸಿದ ಹತ್ತಿ ಅಂಡಿಗೆಗಳನ್ನು ಕುಮಟಾ ಬಂದರಿನಲ್ಲಿ ಹಡಗಿಗೆ ಹಾಕಿ ಮುಂಬಯಿಗೆ ಕಳಿಸುತ್ತಿದ್ದರು. ಧಾರವಾಡದ ಹೊಲದಲ್ಲಿ ಬೆಳೆದ ಆ ಹತ್ತಿಗೆ ಪೇಟೆಯಲ್ಲಿ ಬಿದ್ದ ಹೆಸರು ‘ಕುಮಟಾ ಹತ್ತಿ’. ಬೆಳೆದ ಊರಿನ ಹೆಸರು ಹೋಗಿ, ಹಡಗು ಹತ್ತಿದ ಊರಿನ ಹೆಸರು ಉಳಿಯಿತು.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಂದ ಲ್ಯಾಂಕಶೈರಿಗೆ ಹೋಗುತ್ತಿದ್ದ ಹತ್ತಿ ನಿಂತಿತು. ಗಿರಣಿಗಳು ಬಾಗಿಲು ಹಾಕಿದವು. ಎಲ್ಲರ ಕಣ್ಣು ಭಾರತದ ಹತ್ತಿಯ ಮೇಲೆ ಬಿತ್ತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಧಾರವಾಡದ ಹತ್ತಿಯೂ ಕಾರವಾರದ ಬಂದರೂ ಒಂದೇ ಆಡಳಿತದಲ್ಲಿರಲಿ ಎಂಬುದು ಅದರ ಹಿಂದಿನ ದೊಡ್ಡ ಕಾರಣ. ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲು ಘಟ್ಟ ಇವೆಲ್ಲ ಈ ಸರಕಿನ ಓಡಾಟದಲ್ಲೇ ಮುಖ್ಯವಾದ ದಾರಿಗಳು.

1880ರ ದಶಕದಲ್ಲಿ ರೈಲು ಬಂತು. ಹತ್ತಿ ಹುಬ್ಬಳ್ಳಿಯಿಂದ ಗೋವೆಯ ಮಾರ್ಮಗೋವಾ ಬಂದರಿಗೆ ರೈಲಿನಲ್ಲೇ ಹೋಗತೊಡಗಿತು. ಕುಮಟಾದ ಹತ್ತಿ ವ್ಯಾಪಾರ ಸೊರಗಿತು. ರಸ್ತೆ ಮಾತ್ರ ನಮಗೆ ಉಳಿಯಿತು. ಆಮೇಲೆ ಅದರಲ್ಲಿ ಓಡಾಡಿದ್ದು ಅಡಿಕೆ ಮೂಟೆ, ಹೆರಿಗೆಗೆ ಹೊರಟ ಹೆಣ್ಣುಮಕ್ಕಳು, ಕಾಲೇಜಿನ ಹುಡುಗರು, ಮೇಲೆ ಕೆಳಗೆ ಸಂಬಂಧ ಬೆಳೆಸಿದ ನೆಂಟರು.

20 ಅಡಿಗೆ 1 ಅಡಿ

ಈಗ ತಿರುವಿನ ವಿಷಯ. ಹೇರಿನ ಎತ್ತು ಹತ್ತುವ ಏರನ್ನು ಗಾಡಿಯ ಎತ್ತು ಹತ್ತಲಾರದು. ಹಿಂದೆ ಭಾರ ಎಳೆಯಬೇಕು. ನಿಂತರೆ ಗಾಡಿ ಹಿಂದಕ್ಕೆ ಜಾರುತ್ತದೆ. ಇಳಿಯುವಾಗ ಇನ್ನೂ ಕಷ್ಟ. ಗಾಡಿಯೇ ಎತ್ತನ್ನು ಮುಂದಕ್ಕೆ ದಬ್ಬುತ್ತದೆ. ಅದಕ್ಕೇ ಗಾಡಿ ರಸ್ತೆ ನಿಧಾನವಾಗಿ ಏರಬೇಕು.

ಬೆಟ್ಟದ ರಸ್ತೆಗೆ ಇಂದಿಗೂ ನಮ್ಮ ದೇಶದ ಎಂಜಿನಿಯರುಗಳು ಇಟ್ಟುಕೊಂಡಿರುವ ಸಾಮಾನ್ಯ ಅಳತೆ 20 ಅಡಿ ಮುಂದೆ ಹೋದರೆ 1 ಅಡಿ ಏರು. ಒಂದು ಲೆಕ್ಕ ಮಾಡೋಣ. 400 ಮೀಟರ್ ಎತ್ತರ ಹತ್ತಬೇಕು, ಬುಡದಿಂದ ತಲೆಗೆ ನೇರ ದೂರ 2 ಕಿಲೋಮೀಟರ್ ಎಂದುಕೊಳ್ಳಿ. ನೇರ ಹೋದರೆ 5 ಅಡಿಗೆ 1 ಅಡಿ ಏರು. ಎತ್ತು ಮಂಡಿಯೂರುತ್ತದೆ. 20ಕ್ಕೆ 1ರ ಲೆಕ್ಕದಲ್ಲಿ ಅದೇ ಎತ್ತರಕ್ಕೆ 8 ಕಿಲೋಮೀಟರ್ ರಸ್ತೆ ಬೇಕು. 2 ಕಿಲೋಮೀಟರ್ ಜಾಗದಲ್ಲಿ 8 ಕಿಲೋಮೀಟರ್ ರಸ್ತೆ ಕೂರಿಸುವುದು ಹೇಗೆ? ಸೀರೆಯ ನೆರಿಗೆ ಹಿಡಿದಂತೆ ಮಡಚಬೇಕು. ಆ ಒಂದೊಂದು ಮಡಿಕೆಯೇ ಒಂದೊಂದು ಹೇರ್‌ಪಿನ್ ತಿರುವು.

ಮಡಿಕೆಯಲ್ಲೂ ಒಂದು ಜಾಣತನ ಇದೆ. ಹೇರ್‌ಪಿನ್ ತಿರುವಿನೊಳಗೆ ಏರು 40ಕ್ಕೆ 1ಕ್ಕಿಂತ ಹೆಚ್ಚಿರಬಾರದು ಎಂಬುದು ಈಗಿನ ನಿಯಮ. ಅಂದರೆ ತಿರುವಿನ ಜಾಗ ಹೆಚ್ಚುಕಡಿಮೆ ಸಮತಟ್ಟು. ಎಳೆದು ದಣಿದ ಎತ್ತು ಅಲ್ಲಿ ಉಸಿರು ತೆಗೆದುಕೊಳ್ಳಬಹುದು. ಅದೇ ನಿಯಮದಂತೆ ಹೇರ್‌ಪಿನ್ ತಿರುವಿಗೆ ಲೆಕ್ಕ ಹಾಕುವ ಕನಿಷ್ಠ ವೇಗ ಗಂಟೆಗೆ ಬರೀ 20 ಕಿಲೋಮೀಟರ್. ನೂರು ದಾಟಿದರೂ ಸಾಲದು ಎನ್ನುವ ಕಾರಿಗೆ ಸುಖ ಕೊಡುವ ತಿರುವಿನ ಅಳತೆ ಇದು!

ಆದರೆ ಸುಖ ಇರುವುದೂ ಅಲ್ಲೇ. ಎತ್ತಿಗೆ ಬೇಕಾದ ಹದವಾದ ಏರು ಎಂದರೆ ಎಂಜಿನ್ನಿಗೂ ಹದವಾದ ಏರು. ಬೆಟ್ಟದ ಮೈಯನ್ನು ತಬ್ಬಿಕೊಂಡು ಸಾಗುವ ರಸ್ತೆಯಲ್ಲಿ ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ಕೈಗೆ ಸಿಗುತ್ತದೆ. ಸ್ಟಿಯರಿಂಗ್, ಗೇರು, ಬ್ರೇಕಿಗೆ ಬಿಡುವಿಲ್ಲ. ಎತ್ತು ಸುಸ್ತಾಗದಿರಲಿ ಎಂದು ಹಾಕಿದ ಲೆಕ್ಕ ಚಾಲಕನಿಗೆ ಬೇಸರವಾಗದಂತೆಯೂ ನೋಡಿಕೊಂಡಿದೆ.

ಒಂದೊಂದು ಘಾಟಿಗೂ ಒಂದೊಂದು ಸರಕು

ದಕ್ಷಿಣದ ಘಾಟಿಗಳಲ್ಲಿ ಇಳಿದದ್ದು ಕಾಫಿ. ಚಿಕ್ಕಮಗಳೂರು, ಸಕಲೇಶಪುರದ ತೋಟಗಳ ಕಾಫಿ ಘಟ್ಟ ಇಳಿದು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ, ಅಲ್ಲಿ ಹದವಾಗಿ ಹಡಗು ಹತ್ತುತ್ತಿತ್ತು. ಕೊಟ್ಟಿಗೆಹಾರದಿಂದ ಉಜಿರೆಗೆ ಇಳಿಯುವ ಚಾರ್ಮಾಡಿ, ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿಯುವ ಶಿರಾಡಿ ಈ ಕಥೆಗೆ ಸೇರಿದವು. ಸೋಮೇಶ್ವರದಿಂದ ಆಗುಂಬೆಗೆ 14 ತಿರುವು ಹತ್ತಿದರೆ ತೀರ್ಥಹಳ್ಳಿ ಸೀಮೆಯ ಅಡಿಕೆ ನಾಡು ಸಿಗುತ್ತದೆ. ಕುದುರೆಮುಖದಲ್ಲಿ ಅದಿರಿನ ಕಂಪನಿ ಶುರುವಾದದ್ದು 1976ರಲ್ಲಿ. ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಗಣಿ ನಿಂತಿತು. ಅದಿರಿನ ಕಾಲ ಮುಗಿದ ಆ ಬೆಟ್ಟಗಳ ನಡುವಿನ ದಾರಿ ಈಗ ಕಾರಿನವರ ಅಚ್ಚುಮೆಚ್ಚು.

ಹೊರದೇಶದಲ್ಲೂ ಬೇರೆ ಕಥೆ ಇಲ್ಲ. ಸ್ಪೋರ್ಟ್ಸ್ ಕಾರಿನವರು ಕನಸು ಕಾಣುವ ಇಟಲಿಯ ಸ್ಟೆಲ್ವಿಯೊ ಕಣಿವೆ ರಸ್ತೆಯ ಒಂದೇ ಬದಿಯಲ್ಲಿ 48 ಹೇರ್‌ಪಿನ್ ತಿರುವುಗಳಿವೆ. ಅದನ್ನು ಕಟ್ಟಿದ್ದು 1820–25ರಲ್ಲಿ, ಆಸ್ಟ್ರಿಯಾ ಸಾಮ್ರಾಜ್ಯ ತನ್ನ ಲೊಂಬಾರ್ಡಿ ಪ್ರಾಂತ್ಯವನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು. ರುಮೇನಿಯಾದ ಟ್ರಾನ್ಸ್‌ಫಗರಾಶನ್ ರಸ್ತೆಯನ್ನು 1970ರಿಂದ 1974ರವರೆಗೆ ಸೈನಿಕರಿಂದ ಕಟ್ಟಿಸಿದ್ದು ಸೇನೆ ಬೆಟ್ಟ ದಾಟಲು. ಸರ್ಕಾರದ ಲೆಕ್ಕದಲ್ಲೇ ಅಲ್ಲಿ 40 ಸೈನಿಕರು ಸತ್ತರು.

ನಮ್ಮ ಘಟ್ಟಗಳಲ್ಲಿ ಬಂಡೆ ಒಡೆದವರ, ಬುಟ್ಟಿಯಲ್ಲಿ ಮಣ್ಣು ಹೊತ್ತವರ, ಮಳೆಗಾಲದ ಜ್ವರಕ್ಕೆ ಸಿಕ್ಕವರ ಹೆಸರು ಯಾವ ತಿರುವಿನ ಕಲ್ಲಿನ ಮೇಲೂ ಇಲ್ಲ.

ನೇರ ಮಾಡುವ ಹಠ

ಈಗ ಸರಕು ಲಾರಿಗೆ ಬಂದಿದೆ, ಕಂಟೇನರಿಗೆ ಬಂದಿದೆ. ಅದಕ್ಕೆ ಅಗಲ ರಸ್ತೆ ಬೇಕು, ಕಡಿಮೆ ತಿರುವು ಬೇಕು. ಕುಮಟಾ–ಶಿರಸಿ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ. ಅದರ ಅಗಲೀಕರಣ ವರ್ಷಗಟ್ಟಲೆ ನಡೆದಿದೆ. ಮಳೆಗಾಲ ಬಂದರೆ ಘಟ್ಟದ ಜನ ಇವತ್ತು ರಸ್ತೆ ತೆರೆದಿದೆಯೋ ಇಲ್ಲವೋ ಎಂದು ಮೊಬೈಲ್ ನೋಡಿಯೇ ಮನೆಯಿಂದ ಹೊರಡಬೇಕು.

ನಮ್ಮ ಊರುಗಳಿಗೆ ಒಳ್ಳೆಯ ರಸ್ತೆ ಬೇಡವೆಂದು ನಾವು ಹೇಳುತ್ತಿಲ್ಲ. ಆಂಬುಲೆನ್ಸ್ ಒಂದು ಲಾರಿಯ ಹಿಂದೆ ಅರ್ಧ ಗಂಟೆ ತೆವಳುವುದನ್ನು ನೋಡಿದವರು ಹಾಗೆ ಹೇಳಲಾರರು. ಆದರೆ ಹಳೆಯ ರಸ್ತೆ ಗುಡ್ಡ ಎಲ್ಲಿ ಬಿಟ್ಟಿತೋ ಅಲ್ಲಿ ಹೋಗುತ್ತಿತ್ತು. ಬಂಡೆ ಬಂದರೆ ಸುತ್ತುತ್ತಿತ್ತು, ಹಳ್ಳ ಬಂದರೆ ಒಳಗೆ ಬಾಗಿ ಮೋರಿ ದಾಟುತ್ತಿತ್ತು. ಯಂತ್ರ ಬಂದ ಮೇಲೆ ಗುಡ್ಡವನ್ನೇ ಕಡಿದು ನಿಲ್ಲಿಸುವುದು ಸುಲಭವಾಯಿತು. ಗೋಡೆಯಂತೆ ಕಡಿದ ಮಣ್ಣಿನೊಳಗೆ ನಾಲ್ಕು ತಿಂಗಳ ಮಳೆ ಇಳಿದರೆ ಏನಾಗುತ್ತದೆ ಎಂದು ಮನೆ ಹಿಂದೆ ಧರೆ ಇರುವ ಪ್ರತಿಯೊಬ್ಬರಿಗೂ ಗೊತ್ತು.

2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿ ಹಲವು ಕಡೆ ಕುಸಿದು ಸಂಚಾರವೇ ನಿಂತಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿಯಿತು. ಅದು ಘಟ್ಟದ ರಸ್ತೆಯಲ್ಲ, ಕರಾವಳಿಯ ಹೆದ್ದಾರಿ. ಮಳೆ ವಿಪರೀತ ಇತ್ತು, ನಿಜ. ಆದರೆ ಬಿದ್ದದ್ದು ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ. ರಸ್ತೆ ಬದಿಯ ಚಹಾದಂಗಡಿಯನ್ನೂ ಅದರ ಮನೆಯವರನ್ನೂ ನಿಂತಿದ್ದ ಲಾರಿಗಳನ್ನೂ ಅದು ಗಂಗಾವಳಿ ನದಿಗೆ ನೂಕಿತು. ನಮ್ಮ ಜಿಲ್ಲೆಯಲ್ಲಿ ಆ ದಿನ ಮರೆತವರಿಲ್ಲ.

ತಿರುವು ಹುಡುಕಿ ಬರುವವರಿಗೆ

ಒಳ್ಳೆಯ ಘಟ್ಟದ ದಾರಿ ಬೇಕಾದವರು ಹಳೆಯ ಗಾಡಿ ರಸ್ತೆಯನ್ನು ಹುಡುಕಲಿ. ಮಳೆ ನಿಂತು ರಸ್ತೆ ಒಣಗಿದ ನವೆಂಬರಿನಿಂದ ಫೆಬ್ರವರಿಯವರೆಗೆ ಬರಲಿ. ಮಳೆಗಾಲದಲ್ಲಿ ಪಾಚಿ, ಮಂಜು, ಉರುಳಿದ ಕಲ್ಲು ಎಲ್ಲ ಒಟ್ಟಿಗೆ ಸಿಗುತ್ತವೆ. ಹೊರಡುವ ಮೊದಲು ಜಿಲ್ಲಾಡಳಿತ ಆ ಘಾಟಿಯನ್ನು ಮುಚ್ಚಿದೆಯೇ ಎಂದು ವಿಚಾರಿಸಲಿ.

ಘಟ್ಟದ ಬಸ್ಸಿನ ಚಾಲಕರು ಪಾಲಿಸುವ ಮಾತು ನೆನಪಿರಲಿ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಬರೀ ಬ್ರೇಕನ್ನೇ ನಂಬಿದರೆ ಅದು ಬಿಸಿಯಾಗಿ ಕೈಕೊಡುತ್ತದೆ. ಇಕ್ಕಟ್ಟಿನಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು. ಇದು ಮರ್ಯಾದೆಯೂ ಹೌದು, ಕಾನೂನೂ ಹೌದು. ಉದ್ದನೆಯ ಬಸ್ಸಿಗೆ ಹೇರ್‌ಪಿನ್ನಿನಲ್ಲಿ ಎರಡೂ ಬದಿ ಬೇಕಾಗುತ್ತದೆ. ಅದು ತಿರುಗುವಾಗ ನುಗ್ಗಬೇಡಿ. ತಿರುವಿನ ಆಚೆ ಹಾಲಿನ ಕ್ಯಾನು ಹಿಡಿದ ಅಜ್ಜ, ಶಾಲೆ ಮಕ್ಕಳು, ಸಿಂಗಳೀಕ ಯಾವುದೂ ಇರಬಹುದು. ವೇಗವೇ ಬೇಕೆಂದರೆ ಅದಕ್ಕೆ ರ‍್ಯಾಲಿಗಳಿವೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಒಳದಾರಿಯಲ್ಲಿ ಬೇರೆಯವರ ಓಡಾಟ ನಿಲ್ಲಿಸಿಯೇ ಕಾರು ಓಡಿಸುತ್ತಾರೆ.

ಇಲ್ಲೇ ಇರುವ ನಮಗೆ

ಕಾರಿನವರು ಸಂಜೆಗೆ ಹಿಂದಿರುಗುತ್ತಾರೆ. ರಸ್ತೆಯ ಕೆಳಗೆ ತೋಟ, ಮೇಲೆ ಮನೆ ಇರುವವರು ನಾವು. ನಿಮ್ಮೂರಿನ ಘಟ್ಟದಲ್ಲಿ ತಿರುವು ತೆಗೆಯುವ, ಅಗಲ ಮಾಡುವ ಕೆಲಸ ಬಂದರೆ ಗ್ರಾಮಸಭೆಯಲ್ಲಿ ಕೇಳಬೇಕಾದ ಮಾತುಗಳಿವೆ. ಗುಡ್ಡವನ್ನು ಎಷ್ಟು ನೇರ ಕಡಿಯುತ್ತೀರಿ? ತೆಗೆದ ಮಣ್ಣನ್ನು ಎಲ್ಲಿ ಸುರಿಯುತ್ತೀರಿ? ಮೋರಿಗಳು ಎಷ್ಟು, ಆ ನೀರು ಯಾರ ತೋಟಕ್ಕೆ ಬೀಳುತ್ತದೆ? ಮಳೆಗಾಲಕ್ಕೆ ಮೊದಲು ಯಾವ ಹಂತಕ್ಕೆ ಕೆಲಸ ನಿಲ್ಲಿಸುತ್ತೀರಿ? ಉತ್ತರ ಬಾಯಿಮಾತಿನಲ್ಲಿ ಸಾಲದು, ನಡಾವಳಿ ಪುಸ್ತಕದಲ್ಲಿ ಬರೆಸಿ.

ಊರಿನ ಹಿರಿಯರನ್ನೂ ಕೇಳಿ. ಯಾವ ತಿರುವಿನಲ್ಲಿ ಗಾಡಿ ಬಿಚ್ಚುತ್ತಿದ್ದರು, ಎಲ್ಲಿ ಎತ್ತಿಗೆ ನೀರು ಕುಡಿಸುತ್ತಿದ್ದರು, ಯಾವ ಧರೆ ಹಿಂದೆ ಜರಿದಿತ್ತು ಎಂದು ಅವರಿಗೆ ಗೊತ್ತಿರುತ್ತದೆ. ಗಾಡಿ ಬಿಚ್ಚುತ್ತಿದ್ದ ಜಾಗ ಎಂದರೆ ನೆಲ ಗಟ್ಟಿ ಇದ್ದ ಜಾಗ. ಎತ್ತಿಗೆ ನೀರು ಸಿಗುತ್ತಿದ್ದ ಜಾಗ ಎಂದರೆ ಗುಡ್ಡದೊಳಗೆ ಒರತೆ ಇರುವ ಜಾಗ, ಅಲ್ಲಿ ಕಡಿಯುವಾಗ ಎರಡು ಸಲ ಯೋಚಿಸಬೇಕು. ಈ ನೆನಪುಗಳನ್ನು ನಕ್ಷೆ ಹಿಡಿದು ಬರುವ ಎಂಜಿನಿಯರಿಗೆ ಹೇಳಬೇಕಾದವರು ನಾವೇ.