ದಡ್ಡಿಯ ಚಿನ್ನಾಟ, ಕಣದ ಕಾಳಗ

ಸಂಜೆ ಹೊತ್ತು ಕುರಿ ದಡ್ಡಿಯ ಹತ್ತಿರ ನಿಂತು ನೋಡಿದ್ದೀರಾ? ಮೇಯಲು ಹೋದ ತಾಯಿಕುರಿಗಳು ಮರಳಿ ಬಂದು, ಮರಿಗಳು ಹೊಟ್ಟೆತುಂಬ ಹಾಲು ಕುಡಿದ ಮೇಲೆ ಆಟ ಶುರುವಾಗುತ್ತದೆ. ಒಂದು ಮರಿ ನಿಂತಲ್ಲೇ ನಾಲ್ಕೂ ಕಾಲೆತ್ತಿ ಜಿಗಿಯುತ್ತದೆ. ಅದನ್ನು ನೋಡಿ ಇನ್ನೊಂದು, ಮತ್ತೊಂದು. ಆಮೇಲೆ ಗುಂಪುಕಟ್ಟಿ ಬೇಲಿ ತನಕ ಓಟ, ಅಲ್ಲಿಂದ ವಾಪಸ್ ಓಟ. ಮಣ್ಣಿನ ದಿಬ್ಬ ಸಿಕ್ಕರೆ ಅದರ ಮೇಲೆ ನಿಲ್ಲಲು ತಳ್ಳಾಟ.

ಹುಟ್ಟಿದ ಕೆಲವೇ ದಿನಗಳಲ್ಲಿ ಮರಿಗಳು ಈ ಆಟ ಕಲಿಯುತ್ತವೆ. ಹೆಣ್ಣುಮರಿಗಳಿಗೆ ಜಿಗಿತ, ಓಟ ಹೆಚ್ಚು. ಗಂಡುಮರಿಗಳಿಗೆ ತಲೆಗೆ ತಲೆ ಕೊಟ್ಟು ಹಾಯುವುದು ಹೆಚ್ಚು. ಕುರಿ ಕಾಯುವವರು ಇದನ್ನು ಬರೀ ಮೋಜಿಗೆ ನೋಡುವುದಿಲ್ಲ. ಆಟಕ್ಕೆ ಬಾರದೆ ಮೂಲೆ ಹಿಡಿದ ಮರಿಯನ್ನೇ ಮೊದಲು ಎತ್ತಿಕೊಂಡು, ಹಾಲು ಸಾಲಲಿಲ್ಲವೋ, ಜ್ವರ ಬಂದಿದೆಯೋ ಎಂದು ನೋಡುತ್ತಾರೆ.

ಗಂಡುಮರಿಗಳ ಈ ಹಾಯುವ ಆಟವೇ ಮುಂದೆ ಮನುಷ್ಯರ ಮನರಂಜನೆಯಾಯಿತು. ಅದು ಇಂದು ನಿನ್ನೆಯದಲ್ಲ. ಕಲ್ಯಾಣದಿಂದ, ಅಂದರೆ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ 100 ಅಧ್ಯಾಯಗಳಿವೆ. ಅಡುಗೆ, ಔಷಧಿ, ಸಂಗೀತದ ಜೊತೆಗೆ ರಾಜರ ವಿನೋದಗಳ ವಿವರವೂ ಇದೆ. ಕೋಳಿ ಕಾಳಗದ ಹಾಗೆಯೇ ಟಗರಿನ ಕಾಳಗಕ್ಕೂ ಅಲ್ಲಿ ಜಾಗವಿದೆ. ಅರಮನೆಯ ಅಂಗಳದಲ್ಲಿದ್ದ ವಿನೋದ ಇವತ್ತು ನಮ್ಮ ಊರ ಜಾತ್ರೆಯಲ್ಲಿದೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಎಂದು ಹಲ್ಲು ಎಣಿಸಿ ಜೋಡಿ ಹಾಕುತ್ತಾರೆ.

ಟಗರುಗಳು ತಾವಾಗಿಯೇ ಕಾದಾಡುವುದಿಲ್ಲವೇ ಎಂದು ನೀವು ಕೇಳಬಹುದು. ಕಾದಾಡುತ್ತವೆ. ಹೆಣ್ಣುಕುರಿ ಬೆದೆಗೆ ಬಂದಾಗ ಹಿಂದೆ ಸರಿದು, ಓಡಿಬಂದು ಹಾಯುತ್ತವೆ. ಆದರೆ ಸೋತದ್ದು ಮುಖ ತಿರುಗಿಸಿ ಹೋದರೆ ಜಗಳ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಮರಿಗಳ ಆಟದಲ್ಲೂ ಹಾಗೆಯೇ. ಈಗ ಹಾಯ್ದ ಮರಿ ಮರುಕ್ಷಣ ಅದೇ ಮರಿಯ ಪಕ್ಕದಲ್ಲಿ ಮಲಗಿರುತ್ತದೆ. ಕಣದಲ್ಲಿ ಮಾತ್ರ ಹಿಂದೆ ಸರಿದ ಟಗರನ್ನು ಹಗ್ಗ ಹಿಡಿದು ಮತ್ತೆ ಮುಂದಕ್ಕೆ ತರುತ್ತಾರೆ.

ಇದನ್ನು ದೂರ ನಿಂತು ಬರೆಯುತ್ತಿಲ್ಲ. ನಾವೂ ಚಿಕ್ಕವರಿದ್ದಾಗ ಕಣದ ಸುತ್ತ ನಿಂತು ಸಿಳ್ಳೆ ಹಾಕಿದವರೇ. ಒಂದು ಸಲ ತಲೆಗೆ ಪೆಟ್ಟು ಬಿದ್ದ ಟಗರು ಎದ್ದೇಳಲೇ ಇಲ್ಲ. ಗೆದ್ದವರ ಕಡೆ ಹಲಗೆ ಬಾರಿಸುತ್ತಿದ್ದರು. ಸೋತ ಟಗರನ್ನು ಮರಿಯಿಂದ ಸಾಕಿದ ಹುಡುಗ ಅದರ ಕುತ್ತಿಗೆಯ ಗೆಜ್ಜೆ ಬಿಚ್ಚುತ್ತಿದ್ದ. ಆ ದಿನ ನಾವು ಸಿಳ್ಳೆ ನಿಲ್ಲಿಸಿದೆವು.

ಕಾನೂನು ಏನು ಹೇಳುತ್ತದೆ? ಮನರಂಜನೆಗಾಗಿ ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಆದರೆ ಆ ಕಾಯ್ದೆ ಮೊದಲ ತಪ್ಪಿಗೆ ಹೇಳಿದ ದಂಡ 10ರಿಂದ 50 ರೂಪಾಯಿ! ಕಂಬಳಕ್ಕೆ ಮತ್ತು ಎತ್ತಿನ ಓಟಕ್ಕೆ ಅವಕಾಶ ಕೊಡಲು 2017ರಲ್ಲಿ ನಮ್ಮ ರಾಜ್ಯ ತಿದ್ದುಪಡಿ ತಂದಿತು. ಟಗರಿನ ಕಾಳಗ ಅದರಲ್ಲಿ ಸೇರಿಲ್ಲ.

'ಹಿಂದಿನಿಂದ ಬಂದದ್ದು' ಎಂದು ಕಾಳಗದ ಪರ ಮಾತಾಡುವವರಿದ್ದಾರೆ. ನಿಜ, ಅದು ರಾಜರ ಕಾಲದಿಂದ ಬಂದದ್ದು. ಮರಿಗಳ ಚಿನ್ನಾಟ ಅದಕ್ಕಿಂತ ಹಿಂದಿನದು. ಇವತ್ತು ಸಂಜೆ ದಡ್ಡಿಯ ಕಡೆ ಹೋದರೆ ಐದು ನಿಮಿಷ ನಿಂತು ನೋಡಿ. ಸೋತ ಮರಿಯನ್ನು ಅಲ್ಲಿ ಯಾರೂ ಮುಂದಕ್ಕೆ ಎಳೆಯುವುದಿಲ್ಲ. ಅದು ತಾಯಿಯ ಹತ್ತಿರ ಹೋಗಿ ಒಂದು ಗುಟುಕು ಹಾಲು ಕುಡಿದು, ಬಾಲ ಅಲ್ಲಾಡಿಸುತ್ತ ತಾನೇ ಆಟಕ್ಕೆ ಮರಳುತ್ತದೆ.