ಇಳಿದ ದನಿ

ಒಂದೇ ಕಂಠದಿಂದ ಎರಡು ಸ್ವರಗಳು ಏಕಕಾಲಕ್ಕೆ ಹೊರಟರೆ ನಂಬುವಿರಾ? ಸೈಬೀರಿಯದ ದಕ್ಷಿಣಕ್ಕಿರುವ ತುವಾ ನಾಡಿನ ಗಾಯಕರಲ್ಲಿ ಈ ವಿದ್ಯೆಯುಂಟು. ತಳದ ಸ್ವರವನ್ನು ತಂಬೂರಿಯಂತೆ ಹಿಡಿದು, ನಾಲಿಗೆ ತುಟಿಗಳ ಚಳಕದಿಂದ ಮೇಲಿನ ಸ್ವರವನ್ನು ಎಬ್ಬಿಸುತ್ತಾರೆ. ಅವರ ‘ಕರ್ಗಿರಾ’ ಪದ್ಧತಿಗೆ ಗೊಗ್ಗರು ದನಿಯೇ ಭೂಷಣ. ನಮ್ಮಲ್ಲಾದರೆ, ಅದರಲ್ಲೂ ಹೆಂಗಸಿಗೆ, ಅದು ದೋಷವೆಂದೇ ಲೆಕ್ಕ.

ಹತ್ತಿಮತ್ತೂರಿನವರಿಗೆ ದೂರವಲ್ಲದ ಹಾನಗಲ್ಲಿನ ಹೆಸರು ಹೊತ್ತ ಗಂಗೂಬಾಯಿಯವರು (1913–2009) ಮೊದಲ ಗ್ರಾಮಫೋನ್ ಮುದ್ರಿಕೆಗಳಲ್ಲಿ ಹಾಡಿದ್ದು ಎಳೆಯ ಏರುದನಿಯಲ್ಲಿ. ಮುಂದೆ ಗಂಟಲಿನ ಚಿಕಿತ್ಸೆಯಾಯಿತು. ದನಿ ಗಂಡುದನಿಯಷ್ಟು ಇಳಿಯಿತು. ಹಾಡೇ ಅನ್ನವಾಗಿದ್ದವರಿಗೆ ಅದೆಂಥ ಪೆಟ್ಟು! ಆದರೂ ಕುಂದಗೋಳದ ಸವಾಯಿ ಗಂಧರ್ವರಿಂದ ಪಡೆದ ಕಿರಾನಾ ಘರಾಣೆಯ ನಿಧಾನದ ಆಲಾಪಕ್ಕೆ ಆ ದನಿಯನ್ನೇ ಒಗ್ಗಿಸಿಕೊಂಡರು. ಹೆಸರು ತಿಳಿಯದೆ ಕೇಳಿದವರು ಗಂಡಸಿನ ಗಾಯನವೆಂದೇ ಎಣಿಸುವುದುಂಟು. ನಾನೂ ಒಮ್ಮೆ ಹಾಗೆಯೇ ಎಣಿಸಿದ್ದೆ.